ನೆರಡಿ ರೋಗದ ಬೀಜಕಗಳೂ ಕ್ರಿಮಿನಾಶಕಗಳ ಪರೀಕ್ಷೆಯೂ

ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ಹೊರ್ತಿಯಂತಹ ಊರುಗಳಲ್ಲಿ ಕುರಿಯೊಂದು ಹಠಾತ್ತನೆ ಸತ್ತು, ಮೂಗುಬಾಯಿಗಳಿಂದ ಹೆಪ್ಪುಗಟ್ಟದ ಕಪ್ಪುರಕ್ತ ಸ್ರವಿಸಿದರೆ ನೆರಡಿ, ಅಂದರೆ ಆಂಥ್ರಾಕ್ಸ್, ರೋಗವನ್ನು ಶಂಕಿಸಬೇಕಾಗುತ್ತದೆ. ಅಂತಹ ಕಳೇಬರವನ್ನು ಕೊಯ್ಯಲಾಗದು. ಗಾಳಿಯ ಸಂಪರ್ಕವಾದರೆ ರೋಗಾಣುಗಳು ಬೀಜಕಗಳೆಂಬ ಸುಪ್ತರೂಪವನ್ನು ತಳೆದು ಮಣ್ಣಿನಲ್ಲಿ ದಶಕಗಳವರೆಗೆ ಉಳಿಯಬಲ್ಲವು. ರಕ್ತ ಚೆಲ್ಲಿದ ಹಟ್ಟಿಯನ್ನೂ ಉಣ್ಣೆಯ ಕತ್ತರಿಯನ್ನೂ ಯಾವುದರಿಂದ ಶುದ್ಧಿಗೊಳಿಸಬೇಕು? ಈ ಪ್ರಶ್ನೆಯ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಈ ಬೀಜಕಗಳ ಜೀವನಚಕ್ರವನ್ನು 1876ರಲ್ಲಿ ನಿರೂಪಿಸಿದವನು ಜರ್ಮನಿಯ ರಾಬರ್ಟ್ ಕಾಕ್. 1881ರಲ್ಲಿ ಆತನು ರೇಷ್ಮೆಯ ಎಳೆಗಳ ಮೇಲೆ ಬೀಜಕಗಳನ್ನು ಒಣಗಿಸಿ, ಅವನ್ನು ನಾನಾ ದ್ರಾವಣಗಳಲ್ಲಿ ಅದ್ದಿ, ಬಳಿಕ ಪೋಷಕದ್ರವ್ಯದಲ್ಲಿಟ್ಟು ಬೆಳೆಯುವುವೋ ಇಲ್ಲವೋ ಎಂದು ನೋಡಿದನು. ಶಸ್ತ್ರಚಿಕಿತ್ಸಕರು ಅಪಾರವಾಗಿ ನಂಬಿದ್ದ ಕಾರ್ಬಾಲಿಕ್ ಆಮ್ಲವು ಶೇಕಡ 5ರ ಪ್ರಮಾಣದಲ್ಲಿಯೂ ಒಂದು ದಿನದಲ್ಲಿ ಅವನ್ನು ಕೊಲ್ಲಲಾರದೆ ಹೋಯಿತು. ಎಣ್ಣೆಯಲ್ಲಿ ಕರಗಿಸಿದಾಗಲಂತೂ ಅದು ಸಂಪೂರ್ಣವಾಗಿ ನಿರರ್ಥಕ. ಮರ್ಕ್ಯುರಿಕ್ ಕ್ಲೋರೈಡೆಂಬ ಪಾದರಸದ ಲವಣವಾದರೋ 1000ಕ್ಕೆ 1ರ ಪ್ರಮಾಣದಲ್ಲಿ ಕೆಲವೇ ನಿಮಿಷಗಳಲ್ಲಿ ಗೆದ್ದಂತೆ ತೋರಿತು.

ಆದರೆ ಆ ಗೆಲುವು ಪರೀಕ್ಷೆಯ ದೋಷದ ಫಲವಾಗಿತ್ತು. 1889ರಲ್ಲಿ ಗೆಪರ್ಟ್ ಎಂಬ ವಿದ್ವಾಂಸನು, ಎಳೆಗೆ ಅಂಟಿಕೊಂಡ ಪಾದರಸದ ಲೇಶವು ಪೋಷಕದ್ರವ್ಯಕ್ಕೂ ಬಂದು ಬೆಳವಣಿಗೆಯನ್ನು ತಡೆಯುತ್ತದೆಂದು ತೋರಿಸಿದನು. ಅಮೋನಿಯಂ ಸಲ್ಫೈಡಿನಿಂದ ಆ ಲೇಶವನ್ನು ನಿಷ್ಕ್ರಿಯಗೊಳಿಸಿದಾಗ ಸತ್ತವೆಂದು ಬಗೆದ ಬೀಜಕಗಳು ಮೊಳೆತವು! ಕಾಕನಂತಹ ಮಹಾಪರೀಕ್ಷಕನೂ ತಡೆಯನ್ನೇ ಸಾವೆಂದು ಎಣಿಸಿದ್ದನು. 1897ರಲ್ಲಿ ಕ್ರೋನಿಗ್ ಮತ್ತು ಪಾಲ್ ಎಂಬವರು ರೇಷ್ಮೆಯನ್ನು ಬಿಟ್ಟು, ಔಷಧವನ್ನು ಹೀರದ, ಸುಲಭವಾಗಿ ತೊಳೆಯಬಹುದಾದ ಗಾರ್ನೆಟ್ ಹರಳುಗಳನ್ನು ಬಳಸಿದರು. ಔಷಧಗಳ ತಾರತಮ್ಯವು ಹೀಗೆ ಮೇಲ್ಮೈಯ ತಾರತಮ್ಯವೂ ಆಯಿತು.

ವಿಜಯಪುರವು ಆಗ ಸೇರಿದ್ದ ಮುಂಬಯಿ ಪ್ರಾಂತದ ಪುಣೆಯಲ್ಲಿ, ಗೆಪರ್ಟನ ಪ್ರಯೋಗದ ವರ್ಷವಾದ 1889ರಲ್ಲಿಯೇ, ಜಾನುವಾರು ರೋಗಗಳ ಸಂಶೋಧನೆಗಾಗಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಸ್ಥಾಪಿತವಾಯಿತು. 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿತು.

ಪ್ರಯೋಗಶಾಲೆಯ ಹರಳಿಗೂ ಹಟ್ಟಿಯ ನೆಲಕ್ಕೂ ಇರುವ ಅಂತರವನ್ನು ನಾವು ಮರೆಯಲಾಗದು. ತೊಳೆದ ಕತ್ತರಿಯ ಮೇಲೆ ಕ್ಲೋರಿನ್ ದ್ರಾವಣವು ಫಲಕಾರಿ. ಅದೇ ದ್ರಾವಣವನ್ನು ರಕ್ತ, ಸಗಣಿ, ಹಿಕ್ಕೆಗಳು ಬೆರೆತ ಮಣ್ಣಿಗೆ ಸುರಿದರೆ ಬೀಜಕವನ್ನು ಮುಟ್ಟುವ ಮೊದಲೇ ಅದರ ಶಕ್ತಿ ವ್ಯಯವಾಗುತ್ತದೆ. ಮಣ್ಣಿಗೆ ಫಾರ್ಮಾಲ್ಡಿಹೈಡು ಮೇಲು, ಆದರೆ ಅದರ ಹೊಗೆ ಮನುಷ್ಯನಿಗೂ ವಿಷ. 1942ರಲ್ಲಿ ಯುದ್ಧಪ್ರಯೋಗದಿಂದ ಕಲುಷಿತವಾದ ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ದ್ವೀಪಕ್ಕೆ 1986ರಲ್ಲಿ ಸುಮಾರು 280 ಟನ್ನು ಫಾರ್ಮಾಲ್ಡಿಹೈಡನ್ನು ಸಮುದ್ರದ ನೀರಿನಲ್ಲಿ ಬೆರೆಸಿ ಎರೆಯಬೇಕಾಯಿತು. ಅಷ್ಟು ದ್ರವ್ಯ ಯಾವ ಕುರಿಗಾಹಿಗೆ ದಕ್ಕೀತು?

ಕಳೇಬರದ ಮೇಲೆ ಸುಣ್ಣ ಸುರಿದು ಹೂಳುವ ವಾಡಿಕೆ ಹಳೆಯದು. ಸುಣ್ಣದ ಕ್ಯಾಲ್ಸಿಯಂ ಬೀಜಕಗಳ ಬಾಳಿಕೆಗೇ ನೆರವಾಗಬಹುದೆಂಬ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯ 2008ರ ಕೈಪಿಡಿ ಈ ಕ್ರಮವನ್ನು ಒಪ್ಪಿಲ್ಲ. ಕಳೇಬರವನ್ನು ಸುಡುವುದನ್ನೇ ಅದು ಮೇಲೆಂದಿದೆ.