ಕೊಟ್ಟಿಗೆಯ ತಗಡು, ಕೆಂಪು ಬಣ್ಣ ಮತ್ತು ಒಂದಿಷ್ಟು ಇತಿಹಾಸ

ಶಿವಮೊಗ್ಗ ದಾಟಿ ತೀರ್ಥಹಳ್ಳಿ ಕಡೆ ಬಸ್ಸಲ್ಲಿ ಹೋಗುವಾಗ ಕಿಟಕಿಯಿಂದ ಹೊರಗೆ ನೋಡ್ತಾ ಹೋಗಿ. ಹಳೇ ಮನೆಗಳಿಗೆ ಹೆಂಚು, ಪಕ್ಕದ ಕೊಟ್ಟಿಗೆಗೆ ತಗಡು. ಆ ತಗಡಿಗೆ ಬಣ್ಣ ಹೊಡೆದಿದ್ದರೆ ಹೆಚ್ಚಾಗಿ ಇಟ್ಟಿಗೆ ಕೆಂಪು. ತಗಡು ಯಾಕೆ ಅಲೆ ಅಲೆಯಾಗಿರುತ್ತೆ, ಬಣ್ಣ ಯಾಕೆ ಅದೇ ಕೆಂಪು ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ? ನಾನೂ ಮಾಡಿರಲಿಲ್ಲ. ಈ ಸಲ ಏಪ್ರಿಲ್ಲಿನಲ್ಲಿ ಅಪ್ಪ ಫೋನ್ ಮಾಡಿ, "ಮಳೆ ಹಿಡಿಯೋದ್ರೊಳಗೆ ಕೊಟ್ಗೆ ತಗಡಿಗೆ ಬಣ್ಣ ಹೊಡೆಸ್ಬೇಕು ಮಾರಾಯ. ಇಲ್ಲಾ ಅಂದ್ರೆ ಎಲ್ಲಾ ಕಿತ್ತು ಹೊಸ ಶೀಟ್ ಹಾಕ್ಸೋದು, ಯಾವ್ದು ಅಂತ ನೀನೇ ಹೇಳು" ಅಂದರು. ಇಂಜಿನಿಯರಿಂಗ್ ಓದಿದ ಮಗ ಅಂದಮೇಲೆ ತಗಡಿನ ವಿಷಯವೂ ಗೊತ್ತಿರಬೇಕು ಅನ್ನೋದು ಅಪ್ಪನ ನಂಬಿಕೆ. ನಾನು ಬರೆಯೋದು ಜಾವಾ ಕೋಡ್ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ :-)

ಸರಿ, ರಾತ್ರಿ ಕೂತು ಓದಲು ಶುರು ಮಾಡಿದೆ. ಕೊಟ್ಟಿಗೆಯಿಂದ ಹೊರಟವನು ಲಂಡನ್ ಬಂದರಿಗೆ ಹೋಗಿ ರಾಜಸ್ಥಾನಕ್ಕೆ ಬಂದು ಮುಟ್ಟಿದೆ.

ಮೊದಲು ಅಲೆಯ ಕಥೆ. ಹೆನ್ರಿ ರಾಬಿನ್ಸನ್ ಪಾಮರ್ ಅಂತ ಒಬ್ಬ ಇಂಜಿನಿಯರ್, ಲಂಡನ್ ಡಾಕ್ ಕಂಪನಿಯಲ್ಲಿ ಕೆಲಸ. 1829ರಲ್ಲಿ ಕಬ್ಬಿಣದ ಹಾಳೆಯನ್ನು ಅಲೆಯಾಗಿ ಬಗ್ಗಿಸೋದಕ್ಕೆ ಪೇಟೆಂಟ್ ತಗೊಂಡ. ಒಂದು ನ್ಯೂಸ್‌ಪೇಪರ್ ಹಾಳೆಯನ್ನು ಅಂಚಿನಲ್ಲಿ ಹಿಡಿದರೆ ಜೋತು ಬೀಳುತ್ತೆ. ಅದನ್ನೇ ಬೀಸಣಿಗೆ ಥರ ಮಡಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತೆ. ಪಾಮರ್ ಕಂಡುಕೊಂಡಿದ್ದು ಇಷ್ಟೇ. ಆದರೆ ಇದರಿಂದ ದಪ್ಪ ತೊಲೆಗಳ ಹಂಗಿಲ್ಲದೆ ದೊಡ್ಡ ದೊಡ್ಡ ಗೋದಾಮುಗಳಿಗೆ ಮಾಡು ಹಾಕಬಹುದಾಯ್ತು. ಮೊದಮೊದಲು ಹಾಕಿದ್ದು ಅದೇ ಬಂದರಿನ ಟರ್ಪೆಂಟೈನ್ ಶೆಡ್ಡಿಗೆ. ಬಣ್ಣ ತೆಳು ಮಾಡೋ ಟರ್ಪೆಂಟೈನ್ ಇಡೋ ಶೆಡ್ಡೇ ತಗಡಿನ ಮಾಡಿನ ಆದಿಪುರುಷ ಅನ್ನೋದು ನನಗಂತೂ ತಮಾಷೆ ಅನ್ನಿಸ್ತು.

ಆದರೆ ಪಾಮರನ ತಗಡಿಗೆ ಸತುವಿನ ಲೇಪ ಇರಲಿಲ್ಲ. ಬರೀ ಕಬ್ಬಿಣ, ಮೇಲೆ ಬಣ್ಣ. ಬಣ್ಣ ಹೋದರೆ ತಗಡೂ ಹೋಯ್ತು.

ಇಲ್ಲಿ ಸತು ಬರುತ್ತೆ. ನಮ್ಮ ಕಡೆ ಇದಕ್ಕೆ 'ಜಿಂಕ್ ಶೀಟ್' ಅಂತಾರಲ್ಲ, ಹೆಸರಲ್ಲೇ ಇದ್ದರೂ ಆ ಜಿಂಕ್ ಏನು ಮಾಡುತ್ತೆ ಅಂತ ನಾವು ಕೇಳೋದಿಲ್ಲ. ಸತು ತೆಗೆಯೋದು ಕಬ್ಬಿಣ ತೆಗೆದಷ್ಟು ಸಲೀಸಲ್ಲ. 907 ಡಿಗ್ರಿ ಸೆಲ್ಸಿಯಸ್‌ಗೆ ಅದು ಕುದಿದು ಆವಿಯಾಗುತ್ತೆ. ಆದರೆ ಅದಿರಿನಿಂದ ಬಿಡುಗಡೆಯಾಗೋದಕ್ಕೆ ಅದಕ್ಕಿಂತ ಹೆಚ್ಚು ಬಿಸಿ ಬೇಕು. ಅಂದರೆ ಲೋಹ ಹುಟ್ಟುವಾಗಲೇ ಹೊಗೆ! ಆ ಹೊಗೆಗೆ ಗಾಳಿ ತಾಗಿದರೆ ಮತ್ತೆ ಬಿಳಿ ಬೂದಿ. ಇದಕ್ಕೆ ದಾರಿ ಕಂಡುಹಿಡಿದು ದೊಡ್ಡ ಪ್ರಮಾಣದಲ್ಲಿ ಸತು ತೆಗೆದವರು ರಾಜಸ್ಥಾನದ ಉದಯಪುರದ ಹತ್ತಿರದ ಜಾವರ್‌ನವರು, ಸುಮಾರು 12-13ನೇ ಶತಮಾನದಿಂದ. ಬದನೆಕಾಯಿ ಆಕಾರದ ಮಣ್ಣಿನ ಮೂಸೆ, ಅದಕ್ಕೊಂದು ಉದ್ದ ಕೊಳವೆ. ಒಂದೊಂದು ಕುಲುಮೆಯಲ್ಲಿ 36 ಮೂಸೆಗಳನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿ ಮೇಲಿನಿಂದ ಬೆಂಕಿ. ಆವಿ ಕೊಳವೆಯಲ್ಲಿ ಕೆಳಗಿಳಿದು ತಣ್ಣಗಿನ ಭಾಗದಲ್ಲಿ ಹನಿ ಹನಿಯಾಗಿ ಬೀಳುತ್ತೆ. ಕೆಲಸ ಮುಗಿದ ಮೂಸೆಗಳು ಎಷ್ಟು ರಾಶಿ ಬಿದ್ದವು ಅಂದರೆ, ಊರಿನವರು ಅವನ್ನೇ ಇಟ್ಟಿಗೆ ಥರ ಜೋಡಿಸಿ ಗೋಡೆ ಕಟ್ಟಿಕೊಂಡಿದ್ದಾರೆ. ನನಗೆ ತುಂಬಾ ಇಷ್ಟವಾದ ವಿವರ ಇದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಇಂಥದ್ದೇ ಕೆಳಮುಖ ವಿಧಾನಕ್ಕೆ ಪೇಟೆಂಟ್ ತಗೊಂಡಿದ್ದು 1738ರಲ್ಲಿ. ನಮ್ಮ ಪಠ್ಯಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲಾದರೂ ಇತ್ತಾ? ನನಗೆ ನೆನಪಿಲ್ಲ.

ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿದರೆ ತುಕ್ಕು ಹಿಡಿಯೋದಿಲ್ಲ ಅಂತ 1742ರಲ್ಲೇ ಮಲುಯಿನ್ ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞ ಹೇಳಿದ್ದ. ಅದನ್ನು ಕಾರ್ಖಾನೆ ಕೆಲಸಕ್ಕೆ ಒಗ್ಗಿಸಿ 1837ರಲ್ಲಿ ಪೇಟೆಂಟ್ ತಗೊಂಡವನು ಸ್ಟಾನಿಸ್ಲಾಸ್ ಸೊರೆಲ್. ಕಬ್ಬಿಣವನ್ನು ಆಸಿಡ್‌ನಲ್ಲಿ ತೊಳೆದು, ನವಸಾಗರ ಹಾಕಿ, ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆಯೋದು. ಕಪ್ಪೆ ಕಾಲಿನ ಪ್ರಯೋಗ ಮಾಡಿದ ಗ್ಯಾಲ್ವಾನಿ ಗೊತ್ತಲ್ಲ, ಅವನ ಹೆಸರಿನಿಂದ ಈ ಕೆಲಸಕ್ಕೆ 'ಗ್ಯಾಲ್ವನೈಸ್' ಅಂತ ಹೆಸರು ಬಂತು. ಅದ್ದೋ ಕೆಲಸದಲ್ಲಿ ಕರೆಂಟ್ ಎಲ್ಲಿ ಬಂತು ಅಂದರೆ, ಅದು ಬರೋದು ಆಮೇಲೆ. ಎರಡು ಲೋಹ ಒಂದಕ್ಕೊಂದು ತಾಗಿ ನಡುವೆ ನೀರು ಇದ್ದರೆ ಅದೊಂದು ಪುಟಾಣಿ ಬ್ಯಾಟರಿ. ಆ ಬ್ಯಾಟರಿಯಲ್ಲಿ ಸವೆಯೋದು ಸತು, ಉಳಿಯೋದು ಕಬ್ಬಿಣ. ತಗಡಿಗೆ ಗೀರು ಬಿದ್ದು ಕಬ್ಬಿಣ ಕಂಡರೂ ಅಕ್ಕಪಕ್ಕದ ಸತು ತಾನು ಕರಗಿ ಅದನ್ನು ಕಾಯುತ್ತೆ. ಬಣ್ಣಕ್ಕೆ ಈ ವಿದ್ಯೆ ಬರೋದಿಲ್ಲ.

ಆಮೇಲೆ ನೋಡಿ, ಈ ತಗಡು ಹಡಗು ಹತ್ತಿ ಎಲ್ಲೆಲ್ಲಿಗೆ ಹೋಯ್ತು! ಒಂದರ ಮೇಲೊಂದು ಕೂರುತ್ತೆ, ಜಾಗ ತಿನ್ನೋದಿಲ್ಲ. ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಾಗ ಇಂಗ್ಲೆಂಡಿನಿಂದ ಇಡೀ ಇಡೀ ಮನೆಗಳೇ ಕಟ್ಟಿನಲ್ಲಿ ಹೋದವು. 1851ರಲ್ಲಿ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಬಾಲ್ಮೊರಲ್ ಅರಮನೆಗೆ ಒಂದು ತಗಡಿನ ನೃತ್ಯಶಾಲೆ ತರಿಸಿದ. ರಾಜಮನೆತನದವರು ಕುಣಿದ ಆ ಶಾಲೆ ಆಮೇಲೆ ಬಡಗಿಗಳ ಕೆಲಸದ ಕೊಠಡಿ ಆಯ್ತು. ನಮ್ಮ ದೇಶಕ್ಕೂ ಬ್ರಿಟಿಷ್ ತಗಡು ಹಡಗುಗಟ್ಟಲೆ ಬಂತು.

ಮಲೆನಾಡಿನಲ್ಲಿ ಮಾಡಿಗೆ ಮೊದಲು ಇದ್ದಿದ್ದು ಹುಲ್ಲು ಅಥವಾ ಅಡಿಕೆ ಸೋಗೆ, ವರ್ಷ ವರ್ಷ ಹೊದಿಸಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಹೆಂಚು ಬಂತು. ಆದರೆ ಹೆಂಚು ಭಾರ, ಅದಕ್ಕೆ ಮರಮುಟ್ಟು ಜಾಸ್ತಿ, ಇಳಿಜಾರೂ ಜಾಸ್ತಿ ಬೇಕು. ಅದಕ್ಕಿಂತ ದೊಡ್ಡ ಸಮಸ್ಯೆ ಮಂಗ! ನಾಲ್ಕು ಮಂಗ ಒಂದು ಸಲ ಓಡಿದರೆ ಹತ್ತು ಹೆಂಚು ಫಿನಿಶ್. ಹಾಗಾಗಿ ಕೊಟ್ಟಿಗೆ, ಕಟ್ಟಿಗೆ ಮನೆ, ಬಚ್ಚಲಿಗೆಲ್ಲ ತಗಡು ಬಂತು. ನಮ್ಮನೆಯ ಕೊಟ್ಟಿಗೆಗೆ ಅಜ್ಜ ತಗಡು ಹಾಕಿಸಿದ್ದು 1970ರ ದಶಕದಲ್ಲಿ.

ಒಳ್ಳೇ ತಗಡಿಗೆ ಒಂದು ಚದರ ಮೀಟರ್‌ಗೆ, ಎರಡೂ ಬದಿ ಸೇರಿ, 275 ಗ್ರಾಂ ಸತು ಇರುತ್ತೆ. ಒಂದು ಬದಿಗೆ ಸುಮಾರು 20 ಮೈಕ್ರಾನ್. ಜೆರಾಕ್ಸ್ ಹಾಳೆಯ ಐದರಲ್ಲಿ ಒಂದು ಪಾಲು ದಪ್ಪ! ಪ್ರತಿ ಮಳೆಗಾಲ ಅದರಲ್ಲಿ ಒಂದು ಚೂರು ತೊಳೆದುಕೊಂಡು ಹೋಗುತ್ತೆ. ಕೊಟ್ಟಿಗೆಯಲ್ಲಿ ಇನ್ನೊಂದು ಕಷ್ಟ ಇದೆ. ಗಂಜಲದ ಅಮೋನಿಯಾ ಮತ್ತು ದನಗಳ ಉಸಿರಿನ ತೇವ ಮೇಲೇರಿ ತಗಡಿನ ಒಳಮೈಗೆ ತಾಗುತ್ತೆ. ಹಾಗಾಗಿ ಕೊಟ್ಟಿಗೆ ತಗಡು ಮೇಲಿನಿಂದ ಮಾತ್ರ ಅಲ್ಲ, ಕೆಳಗಿನಿಂದಲೂ ಸಾಯುತ್ತೆ. ಎಲ್ಲರೂ ಬಣ್ಣ ಹೊಡೆಯೋದು ಮಾತ್ರ ಮೇಲೆ. ಮೊದಲು ತುಕ್ಕು ಹಿಡಿಯೋ ಜಾಗ ಬೋಲ್ಟ್ ತೂತು ಮತ್ತು ಎರಡು ಶೀಟು ಒಂದರ ಮೇಲೊಂದು ಬರೋ ಸಂದು. ಅಲ್ಲಿ ಹೊಕ್ಕ ನೀರು ಬೇಗ ಆರೋದಿಲ್ಲ.

ಇನ್ನು ಬಣ್ಣದ ವಿಷಯ. ಹೊಳೆಯೋ ಹೊಸ ತಗಡಿಗೆ ಆಯಿಲ್ ಪೇಂಟ್ ಹೊಡೆದರೆ ಹಪ್ಪಳದ ಥರ ಎದ್ದು ಬರುತ್ತೆ. ಎಣ್ಣೆಯೂ ಸತುವೂ ಸೇರಿ ಒಂದು ಥರ ಸೋಪು ಆಗುತ್ತೆ, ಅದೇ ಕಾರಣ. ಹಿಂದಿನವರು ಒಂದೆರಡು ವರ್ಷ ಬಿಸಿಲು ಮಳೆ ತಿನ್ನಲಿ ಅಂತ ಬಿಡ್ತಿದ್ದರು. ಹೊಳಪು ಹೋಗಿ ಬೂದು ಬಣ್ಣ ಬಂದಮೇಲೆ ಬಣ್ಣ ಕಚ್ಚಿಕೊಳ್ಳುತ್ತೆ. ಹಳೇ ತಗಡಿಗೆ ಹೊಡೆಯೋ ಕೆಂಪು, ಅಂದರೆ ಅಂಗಡಿಯ ರೆಡ್ ಆಕ್ಸೈಡ್, ಅದು ಐರನ್ ಆಕ್ಸೈಡ್. ತುಕ್ಕಿನ ಹತ್ತಿರದ ಸಂಬಂಧಿ! ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದು ಅಂತ ನಾವು ಹೊಡೆಯೋದು ಪುಡಿ ಮಾಡಿದ ತುಕ್ಕನ್ನೇ. ತಾನಾಗಿ ಹಿಡಿಯೋ ತುಕ್ಕು ಸ್ಪಂಜಿನ ಥರ, ನೀರು ಹಿಡಿದಿಟ್ಟುಕೊಂಡು ಒಳಗೆ ಕೊರೆಯುತ್ತೆ. ಬಣ್ಣದಲ್ಲಿರೋ ಪುಡಿ ಎಣ್ಣೆಯಲ್ಲಿ ಬಿಗಿಯಾಗಿ ಕೂತಿರುತ್ತೆ, ಬಿಸಿಲನ್ನು ತಡೆಯುತ್ತೆ, ಇನ್ನು ಮುಂದೆ ಆಗೋದಕ್ಕೆ ಅದಕ್ಕೇನೂ ಉಳಿದಿಲ್ಲ. ನಮ್ಮ ಹಳ್ಳಿಗಳಲ್ಲಿ ಗೋಡೆಗೆ ಬಳಿಯೋ ಕೆಮ್ಮಣ್ಣಿನ ಕೆಂಪೂ ಇದೇ.

ಆದರೆ ಎಲ್ಲಾ ಕೆಂಪು ಒಂದೇ ಅಲ್ಲ. ಕಬ್ಬಿಣಕ್ಕೆ ಹೊಡೀತಿದ್ದ ಇನ್ನೊಂದು ಕೆಂಪು ಸೀಸದ್ದು, ರೆಡ್ ಲೆಡ್. ಕೆಲಸದಲ್ಲಿ ರೆಡ್ ಆಕ್ಸೈಡಿಗಿಂತ ಒಳ್ಳೇದು, ಒಂದೇ ತೊಂದರೆ ಅಂದರೆ ವಿಷ. ಹಳೇ ಹಸಿರು, ಹಳದಿ ಎನಾಮೆಲ್‌ಗಳಲ್ಲೂ ಸೀಸ ಇರ್ತಿತ್ತು. ಬಿಳಿ ಸೀಸದ ಬಣ್ಣಕ್ಕೆ ಕಡಿವಾಣ ಹಾಕಬೇಕು ಅಂತ ಅಂತರರಾಷ್ಟ್ರೀಯ ಒಪ್ಪಂದ ಆಗಿದ್ದು 1921ರಲ್ಲಿ. ಅಮೆರಿಕದಲ್ಲಿ ಮನೆ ಬಳಕೆಗೆ ಸೀಸದ ಬಣ್ಣ ನಿಂತಿದ್ದು 1978ರಲ್ಲಿ. ನಮ್ಮಲ್ಲಿ? ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್ 1ರಿಂದ. ಅಜ್ಜನ ಕಾಲದಿಂದ ನಮ್ಮ ತಗಡಿನ ಮೇಲೆ ಪದರ ಪದರವಾಗಿ ಕೂತಿರೋ ಬಣ್ಣ ಅಷ್ಟೂ ಅದಕ್ಕಿಂತ ಹಿಂದಿನದು.

ಇದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಯಾಕಂದರೆ ಪೇಂಟರ್ ಮರುದಿನವೇ ವೈರ್ ಬ್ರಶ್ ತಗೊಂಡು ಹೆರೆಯೋದಕ್ಕೆ ಬರೋನಿದ್ದ. ಕೆಳಗೆ ಎರಡು ತಿಂಗಳ ಕರು. ಮಾಡಿನ ನೀರು ದೋಣಿಯಲ್ಲಿ ಇಳಿದು ಬೀಳೋದು ದನ ಕುಡಿಯೋ ಡ್ರಮ್ಮಿಗೆ. ದನಗಳಿಗೆ ಸೀಸದ ವಿಷ ಏರೋದು ಹೊಸತಲ್ಲ. ಕರುಗಳಿಗೆ ಸಿಕ್ಕಿದ್ದೆಲ್ಲ ನೆಕ್ಕೋ ಚಟ, ಹಳೇ ಬಣ್ಣದ ಚಕ್ಕೆ ನೆಕ್ಕಿ ಕಣ್ಣು ಕುರುಡಾಗಿ ಸೆಟೆದು ಸಾಯೋದು ಪಶುವೈದ್ಯರ ಪುಸ್ತಕದಲ್ಲೆಲ್ಲ ಇದೆ.

ಬೆಳಿಗ್ಗೆ ಆರಕ್ಕೇ ಅಪ್ಪನಿಗೆ ಫೋನ್ ಮಾಡಿದೆ. "ಐವತ್ತು ವರ್ಷದಿಂದ ಹೆರೆದು ಹೊಡೀತಾ ಇದೀವಿ, ಯಾರಿಗೆ ಏನಾಗಿದೆ?" ಅಂದರು. ಕರುವಿನ ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾರೆ ಏನ್ ಮಾಡದು, ಅದನ್ನ ಹೇಳು" ಅಂದರು.

ದನ ಕರುಗಳನ್ನೆಲ್ಲ ನಾಲ್ಕು ದಿನ ಪಕ್ಕದ ಮನೆಯ ಕೊಟ್ಟಿಗೆಗೆ ಕಳಿಸಿದ್ದಾಯ್ತು. ಡ್ರಮ್ ಬೇರೆ ಕಡೆ ಇಟ್ಟು, ಮಾಡಿನ ಕೆಳಗೆ ಅಡಿಕೆ ಒಣಗಿಸೋ ಟಾರ್ಪಾಲು ಬೇಡ ಅಂತ ಬೇರೆ ಪ್ಲಾಸ್ಟಿಕ್ ಶೀಟು ಹಾಸಿ, ತಗಡನ್ನು ನೀರಿನಲ್ಲಿ ನೆನೆಸಿಕೊಂಡೇ ಎದ್ದು ಬಂದ ಬಣ್ಣ ಮಾತ್ರ ತೆಗೆದದ್ದು, ಒಣಗಿದ್ದಾಗ ಹೆರೆದಿಲ್ಲ. ಪೇಂಟರ್ ಮೂಗಿಗೆ ಧೂಳಿನ ಮಾಸ್ಕ್ ಹಾಕಿಕೊಳ್ಳೋದಕ್ಕೆ ಮೊದಲು ನಕ್ಕ, ಆಮೇಲೆ ಹಾಕಿಕೊಂಡ. ಚಕ್ಕೆಗಳನ್ನೆಲ್ಲ ಪ್ಲಾಸ್ಟಿಕ್ ಸಮೇತ ಸುತ್ತಿ ಡಬ್ಬದಲ್ಲಿ ಮುಚ್ಚಿಟ್ಟಿದ್ದೇವೆ. ಗಟ್ಟಿಯಾಗಿ ಕಚ್ಚಿಕೊಂಡಿದ್ದ ಹಳೇ ಬಣ್ಣದ ಮೇಲೆಯೇ ರೆಡ್ ಆಕ್ಸೈಡ್ ಒಂದು ಕೋಟು, ಸೀಸ ಇಲ್ಲ ಅಂತ ಡಬ್ಬದ ಮೇಲೆ ಬರೆದಿರೋ ಎನಾಮೆಲ್ ಎರಡು ಕೋಟು. ಈ ಸಲ ಒಳಮೈಗೂ.

ಇಪ್ಪತ್ತೆರಡು ಶೀಟಿನಲ್ಲಿ ಬದಲಾಯಿಸಬೇಕಾಗಿ ಬಂದಿದ್ದು ಮೂರು. ಮೂರೂ ಗಂಜಲದ ಗುಂಡಿಯ ನೇರಕ್ಕೆ ಇದ್ದವು. ಉಳಿದ ಹತ್ತೊಂಬತ್ತರಲ್ಲಿ ಒಂದೆರಡು ಕಡೆ ಬಣ್ಣದ ಅಡಿಯಲ್ಲಿ ಸತುವಿನ ಬೂದು ಪದರ ಹಾಗೇ ಕೂತಿತ್ತು.