ಯೇನಾದಿಂದ ಕುದುರೆಮುಖಕ್ಕೆ: ಒಂದು ಹಳೆಯ ಲೆನ್ಸಿನ ಚರಿತ್ರೆ

ಫೋಟೋ ತೆಗೆಯುವ ಹವ್ಯಾಸದ ಗೆಳೆಯರ ನಡುವೆ ಈಗ ಹಳೆಯ ಲೆನ್ಸುಗಳ ಖಯಾಲಿ ಜೋರಾಗಿದೆ. ಕ್ಯಾಮೆರಾ ಹೊಸದು, ಡಿಜಿಟಲ್. ಅದರ ಮೂತಿಗೆ ಸಿಕ್ಕಿಸುವ ಗಾಜು ಮಾತ್ರ ಅಜ್ಜನ ಕಾಲದ್ದು. ಅಂಥವುಗಳಲ್ಲಿ ಸುಲಭವಾಗಿ ಕೈಗೆ ಸಿಗುವುದು ಹೀಲಿಯೋಸ್ 44 ಎಂಬ 58 ಮಿಲಿಮೀಟರಿನ ಸೋವಿಯತ್ ಲೆನ್ಸ್. ಎಲೆಗಳ ಸಂದಿಯಿಂದ ಬೆಳಕು ತೂರಿ ಬರುವ ಕಡೆ ಇದರಲ್ಲಿ ಚಿತ್ರ ತೆಗೆದರೆ ಹಿನ್ನೆಲೆ ನೀರಿನ ಸುಳಿಯಂತೆ ತಿರುಗಿದ ಹಾಗೆ ಕಾಣುತ್ತದೆ. ಆ ಸುಳಿಯನ್ನು ಮೆಚ್ಚುವವರು ಬಹಳ, ಅದು ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಇತಿಹಾಸದ ವಿದ್ಯಾರ್ಥಿಯಾದ ನನ್ನನ್ನು ಕಾಡುವುದು ಎರಡನೆಯದೇ.

ಹೀಲಿಯೋಸ್ ವಿನ್ಯಾಸ ಮೂಲತಃ ರಷ್ಯದ್ದಲ್ಲ. ಜರ್ಮನಿಯ ಯೇನಾ ಊರಿನ ಕಾರ್ಲ್ ಝೈಸ್ ಕಂಪನಿ 1930ರ ದಶಕದಲ್ಲಿ ತಯಾರಿಸಿದ ಬಯೋಟಾರ್ ಅದರ ತಾಯಿಬೇರು. ಝೈಸ್ ಅಲ್ಲಿ 1846ರಲ್ಲಿ ತೆರೆದದ್ದು ಒಂದು ಸಣ್ಣ ಕಾರ್ಯಾಗಾರ. ಭೌತವಿಜ್ಞಾನಿ ಅರ್ನ್ಸ್ಟ್ ಅಬೆ, ಗಾಜಿನ ರಸಾಯನ ಬಲ್ಲ ಓಟೋ ಶಾಟ್ ಜೊತೆಗೂಡಿದ ಮೇಲೆ ಆ ಊರಿನ ಗಾಜಿಗೆ ಜಗತ್ತಿನಲ್ಲೇ ಹೆಸರಾಯಿತು. ಎರಡನೇ ಮಹಾಯುದ್ಧದಲ್ಲಿ ಇದೇ ಕಾರ್ಖಾನೆ ಸೇನೆಗಾಗಿ ಉಪಕರಣಗಳನ್ನು ಮಾಡಿತು. ಬಲವಂತವಾಗಿ ಹಿಡಿದು ತಂದ ಪರದೇಶದ ಕಾರ್ಮಿಕರೂ ಅಲ್ಲಿ ದುಡಿದರು. 1945ರ ಏಪ್ರಿಲಿನಲ್ಲಿ ಅಮೆರಿಕದ ಸೈನ್ಯ ಯೇನಾವನ್ನು ಹಿಡಿಯಿತು. ಒಪ್ಪಂದದಂತೆ ಊರನ್ನು ಸೋವಿಯತ್ತರಿಗೆ ಬಿಟ್ಟು ಹೊರಡುವಾಗ ಎಂಬತ್ತಕ್ಕೂ ಹೆಚ್ಚು ತಜ್ಞರನ್ನು ತಮ್ಮ ಜೊತೆಗೇ ಕರೆದೊಯ್ದಿತು. ಅವರಿಂದ ಪಶ್ಚಿಮದಲ್ಲಿ, ಒಬರ್‌ಕೋಹೆನ್‌ನಲ್ಲಿ, ಇನ್ನೊಂದು ಝೈಸ್ ಹುಟ್ಟಿತು. ಆಮೇಲೆ ಸೋವಿಯತ್ ಆಡಳಿತ ಯುದ್ಧಪರಿಹಾರವೆಂದು ಯೇನಾದ ಯಂತ್ರಗಳನ್ನು ಬಿಚ್ಚಿ ಸಾಗಿಸಿತು. ಯಂತ್ರಗಳಂತೆ ಕೆಲವು ತಜ್ಞರನ್ನೂ ಸಾಗಿಸಿತು. ಬಯೋಟಾರ್ ಹೀಗೆ ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್ ಸೇರಿ ಹೀಲಿಯೋಸ್ ಆಯಿತು. ನಮ್ಮಲ್ಲಿ ಸೋವಿಯತ್ ದೇಶವೆಂದರೆ ನವಕರ್ನಾಟಕದಲ್ಲಿ ಸಿಗುತ್ತಿದ್ದ ಅಗ್ಗದ, ಗಟ್ಟಿ ರಟ್ಟಿನ ಪುಸ್ತಕಗಳು ನೆನಪಾಗುತ್ತವೆ. ಈ ಲೆನ್ಸೂ ಹಾಗೆಯೇ, ಅಗ್ಗ ಮತ್ತು ಗಟ್ಟಿ.

ಎರಡು ಝೈಸ್‌ಗಳ ನಡುವೆ ಹೆಸರಿಗಾಗಿ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಪಶ್ಚಿಮದ ಮಾರುಕಟ್ಟೆಗೆ ಹೊರಟ ಯೇನಾದ ಲೆನ್ಸುಗಳ ಮೇಲೆ ಟೆಸ್ಸಾರ್ ಎಂದು ಬರೆಯುವ ಕಡೆ ಬರೀ ‘ಟಿ’, ಬಯೋಟಾರ್ ಬದಲು ‘ಬಿ’. ಶಾಸನ ಓದುವವರಿಗೆ ಕೆತ್ತಿ ಅಳಿಸಿದ ಸಾಲು ಎಷ್ಟು ಬೆಲೆಯುಳ್ಳದ್ದೋ ನನಗೆ ಆ ಒಂಟಿ ಅಕ್ಷರ ಅಷ್ಟೇ.

ಇನ್ನು ಬೆಟ್ಟದ ಮಾತು. ಗಾಜು ಮತ್ತು ಗಾಳಿ ಸೇರುವ ಪ್ರತಿಯೊಂದು ಮೈಯಲ್ಲೂ ಬೆಳಕಿನ ಶೇಕಡಾ 4ರಿಂದ 5ರಷ್ಟು ಹಿಂದಕ್ಕೆ ಪ್ರತಿಫಲಿಸುತ್ತದೆ. ಬಯೋಟಾರಿನಲ್ಲಿ ಅಂಥ ಮೈಗಳು 8. ಲೆಕ್ಕ ಹಾಕಿದರೆ ಕಾಲುಭಾಗಕ್ಕೂ ಹೆಚ್ಚು ಬೆಳಕು ನಷ್ಟ. ನಷ್ಟವಾದದ್ದಾದರೂ ಸುಮ್ಮನಿರುತ್ತದೆಯೇ? ಅದರ ಒಂದು ಪಾಲು ಒಳಗೇ ಪುಟಿದು ಚಿತ್ರದ ಮೇಲೆ ತೆಳುವಾದ ಬಿಳಿ ಪರದೆಯಂತೆ ಬೀಳುತ್ತದೆ. 1890ರ ದಶಕದಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಒಂದು ವಿಚಿತ್ರ ಗಮನಿಸಿದ: ಹಳತಾಗಿ ಮೈ ಕಂದಿದ ಲೆನ್ಸು ಹೊಸದಕ್ಕಿಂತ ಹೆಚ್ಚು ಬೆಳಕು ಬಿಡುತ್ತಿತ್ತು. ಆ ಕಂದಿದ ಪದರವನ್ನು ಬೇಕೆಂದೇ, ಹದವರಿತು ಲೇಪಿಸುವ ವಿದ್ಯೆ ಝೈಸ್‌ನ ಅಲೆಕ್ಸಾಂಡರ್ ಸ್ಮಕುಲಾಗೆ 1935ರಲ್ಲಿ ಒಲಿಯಿತು.

ಈ ಸಣ್ಣ ಸಂಗತಿ ಚರಿತ್ರೆಗೆ ದೊಡ್ಡದು. ಹಳೆಯ ಫೋಟೋಗಳನ್ನು ನಾವು ಸಾಕ್ಷಿಗಳೆಂದು ಕರೆಯುತ್ತೇವೆ. 1921ರ ಎವರೆಸ್ಟ್ ಶೋಧಯಾತ್ರೆಯ ಚಿತ್ರಗಳು ತೆಗೆದ ಜಾಗದಲ್ಲೇ ನಿಂತು ಡೇವಿಡ್ ಬ್ರಿಯಾಶರ್ಸ್ ಈ ಶತಮಾನದಲ್ಲಿ ಮತ್ತೆ ಫೋಟೋ ತೆಗೆದಾಗ ರೋಂಗ್‌ಬುಕ್ ಹಿಮನದಿ ಎಷ್ಟು ಕುಸಿದಿದೆ ಎಂಬುದು ಕಣ್ಣಿಗೆ ಕಟ್ಟಿತು. ಮಂಜುಗಡ್ಡೆಯ ಅಂಚನ್ನು ಹಳೆಯ ಲೆನ್ಸಾದರೂ ಸುಳ್ಳು ಹೇಳದೆ ತೋರಿಸುತ್ತದೆ. ಆದರೆ ದೂರದ ಸಾಲು ಮಸುಕಾಗಿ ಕಂಡರೆ ಆ ಮಬ್ಬು ಗಾಳಿಯದೋ ಗಾಜಿನದೋ? ಕುದುರೆಮುಖದಲ್ಲಿ ದಶಕಗಳ ಕಾಲ ಅದಿರು ತೆಗೆದರು. 2005ರ ಕೊನೆಗೆ ಅದು ನಿಂತಿತು. ಗಣಿಗೆ ಮುಂಚಿನ ಚಿತ್ರ ಹಿಡಿದು ಆಗಿನ ಹುಲ್ಲುಗಾವಲಿನ ಬಣ್ಣ, ಆಕಾಶದ ತಿಳಿ ಹೀಗಿತ್ತೆಂದು ಯಾರಾದರೂ ವಾದಿಸಿದರೆ ನಾನು ಮೊದಲು ಲೆನ್ಸ್ ಯಾವುದೆಂದು ಕೇಳುತ್ತೇನೆ.

ಇಲ್ಲಿಯೇ ಡಿಜಿಟಲ್ ಕ್ಯಾಮೆರಾ ಉಪಯೋಗಕ್ಕೆ ಬರುವುದು. 1949ರ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದಲ್ಲಿ ಬಂದ, 42 ಮಿಲಿಮೀಟರ್ ಅಗಲದ ತಿರುಪು ಲೆನ್ಸಿಗೂ ಫಿಲ್ಮಿಗೂ ನಡುವೆ 45.46 ಮಿಲಿಮೀಟರ್ ದೂರ ಕೇಳುತ್ತದೆ. 2008ರಿಂದ ಬಂದ ಕನ್ನಡಿಯಿಲ್ಲದ ಕ್ಯಾಮೆರಾಗಳಲ್ಲಿ ಆ ದೂರ ತೀರ ಕಡಿಮೆ. ಸೋನಿಯ ಮೌಂಟಿನಲ್ಲಿ 18 ಮಿಲಿಮೀಟರ್ ಅಷ್ಟೆ. ಉಳಿದ ಜಾಗಕ್ಕೆ ಗಾಜಿಲ್ಲದ ಟೊಳ್ಳು ಕೊಳವೆ ಹಾಕಿದರೆ ಮುಗಿಯಿತು. ಗೆಳೆಯರೊಬ್ಬರಿಂದ ಯುದ್ಧಪೂರ್ವದ, ಲೇಪನವಿಲ್ಲದ ಬಯೋಟಾರ್ ಎರವಲು ತಂದು, ನನ್ನ ಲೇಪನವುಳ್ಳ ಹೀಲಿಯೋಸ್ ಜೊತೆ, ಒಂದೇ ಕ್ಯಾಮೆರಾದಲ್ಲಿ, ಎಫ್/8ರಲ್ಲಿಟ್ಟು, ಒಂದೇ ಬೆಟ್ಟದ ಸಾಲನ್ನು ಕೆಲವೇ ನಿಮಿಷಗಳ ಅಂತರದಲ್ಲಿ ತೆಗೆದೆ. ಬಿಸಿಲು ಬೆನ್ನಿಗಿದ್ದಾಗ ಹೆಚ್ಚಿನ ಭೇದವಿಲ್ಲ. ಸೂರ್ಯನ ಕಡೆ ತಿರುಗಿದೊಡನೆ ಬಯೋಟಾರಿನಲ್ಲಿ ಮೂರನೆಯ ಸಾಲು ಬೆಟ್ಟ ಕರಗಿಯೇ ಹೋಯಿತು. ಹೀಲಿಯೋಸಿನಲ್ಲಿ ಅದು ನಿಂತಿತ್ತು.

ಪ್ರಾಣಿಗಳ ವಿಷಯ ಬೇರೆ. ಕಾಟಿ ತಲೆಯೆತ್ತಿ ದಿಟ್ಟಿಸಿ ನಿಲ್ಲುತ್ತದೆ, ಕೈಯಲ್ಲಿ ಫೋಕಸ್ ತಿರುಗಿಸಲು ಸಮಯ ಕೊಡುತ್ತದೆ. ಸಿಂಗಳೀಕ ಕೊಡುವುದಿಲ್ಲ, ಅದು ಹಾರಿ ಬರಬಹುದಾದ ಕೊಂಬೆಗೆ ಮೊದಲೇ ಫೋಕಸ್ ಮಾಡಿ ಕಾಯಬೇಕು. ಅದಕ್ಕೆ 58 ಮಿಲಿಮೀಟರ್ ಸಾಲದು. ಸೋವಿಯತ್ತರು 300 ಮಿಲಿಮೀಟರಿನ ತೈರ್-3 ಲೆನ್ಸನ್ನು ಬಂದೂಕಿನ ಹಿಡಿಗೆ ಜೋಡಿಸಿ ‘ಫೋಟೋಸ್ನೈಪರ್’ ಎಂದು ಮಾರಿದ್ದರು. ಆ ಹಿಡಿಯ ಸಮೇತ ನಮ್ಮ ಕಾಡಿಗೆ ಹೋಗುವ ಸಾಹಸ ಬೇಡ, ಅರಣ್ಯ ಇಲಾಖೆಯವರಿಗೆ ಚರಿತ್ರೆ ವಿವರಿಸುತ್ತ ಕೂರಬೇಕಾದೀತು. ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ತೇಜಸ್ವಿ ಮುಂತಾದವರು ಹಕ್ಕಿಗಳ ಬೆನ್ನು ಹತ್ತಿದ್ದು ಫಿಲ್ಮ್ ಕಾಲದಲ್ಲಿ. ತೆಗೆದದ್ದು ಹೇಗೆ ಬಂದಿದೆಯೆಂದು ಆಗಲೇ ನೋಡುವ ಅನುಕೂಲ ಅವರಿಗಿರಲಿಲ್ಲ.

ಈ ಲೆನ್ಸುಗಳಿಗೆ ಮಲೆನಾಡಿನಲ್ಲಿ ಇರುವ ಶತ್ರು ಬೂಷ್ಟು. ಗಾಜಿನ ನಡುವೆ ಜೇಡರಬಲೆಯಂತೆ ಹಬ್ಬಿ ಲೇಪನವನ್ನೇ ತಿನ್ನುತ್ತದೆ. ಜೂನ್ ಹಿಡಿಯುವ ಮೊದಲು ಎರಡೂ ಲೆನ್ಸುಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸೇರಿಸಬೇಕು. ಬಯೋಟಾರನ್ನಂತೂ ಅದಕ್ಕೂ ಮುಂಚೆ ಗೆಳೆಯರಿಗೆ ಹಿಂತಿರುಗಿಸಬೇಕು.