ನಿರ್ವಾತ ರೂಪಣ: ಕಾರ್ಖಾನೆಯಿಂದ ಮನೆಯವರೆಗೆ

ಬಿಸಿಯಿಂದ ಮೆದುವಾದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ ಕೆಳಗಿನ ಗಾಳಿಯನ್ನು ಹೀರಿ ತೆಗೆದಾಗ, ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರಕ್ಕೆ ಸಮನಾದ ವಾಯುಮಂಡಲದ ಒತ್ತಡವು ಆ ಹಾಳೆಯನ್ನು ಅಚ್ಚಿನ ಮೈಗೆ ಅಂಟುವಂತೆ ಒತ್ತುತ್ತದೆ. ಈ ವಿಧಾನವೇ ನಿರ್ವಾತ ರೂಪಣ ಅಥವಾ ವ್ಯಾಕ್ಯೂಮ್ ಫಾರ್ಮಿಂಗ್. ಕರಗಿದ ಪ್ಲಾಸ್ಟಿಕನ್ನು ಲೋಹದ ಜೋಡಿ ಅಚ್ಚಿನೊಳಗೆ ನುಗ್ಗಿಸುವ ಇಂಜೆಕ್ಷನ್ ಮೋಲ್ಡಿಂಗ್‌ಗೆ ಭಾರಿ ಬಂಡವಾಳ ಬೇಕಾದರೆ, ಇದಕ್ಕೆ ಮರದ ಅಥವಾ ಪ್ಲಾಸ್ಟರಿನ ಒಂದೇ ಅಚ್ಚು ಸಾಕಾಗುವುದರಿಂದ, ಈ ವಿದ್ಯೆ ಕಾರ್ಖಾನೆಯ ಗೋಡೆಗಳನ್ನು ಸುಲಭವಾಗಿ ದಾಟಿತು.

1960ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿಯು ವಿದ್ಯುತ್ತಿನಿಂದ ಕಾಯುವ ತಟ್ಟೆ, ಮಗುಚಬಲ್ಲ ಚೌಕಟ್ಟು ಮತ್ತು ಕೈಪಂಪುಗಳಿದ್ದ ‘ವ್ಯಾಕ್-ಯು-ಫಾರ್ಮ್’ ಎಂಬ ಆಟಿಕೆಯನ್ನು ಮಾರುಕಟ್ಟೆಗೆ ತಂದು, ಈ ತಂತ್ರವನ್ನು ಮಕ್ಕಳ ಕೈಗೇ ಕೊಟ್ಟಿತು. ಮುಂದೆ ಮಾದರಿ ವಿಮಾನಗಳ ಹವ್ಯಾಸಿಗಳು ಅಡುಗೆಮನೆಯ ಓವನ್ನಿನಲ್ಲಿ ಹಾಳೆ ಕಾಯಿಸಿ, ರಂಧ್ರಗಳುಳ್ಳ ಪೆಟ್ಟಿಗೆಗೆ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿ, ಅವುಗಳ ಚಾಲಕ ಕೋಣೆಯ ಪಾರದರ್ಶಕ ಮೇಲ್ಗವಸುಗಳನ್ನು ತಯಾರಿಸಿಕೊಂಡರು.

ಸಣ್ಣ ಕಾರ್ಯಾಗಾರದ ಈ ಕಸುಬಿಗೆ ಜಗತ್ಪ್ರಸಿದ್ಧಿ ಬಂದದ್ದು ಚಲನಚಿತ್ರದಿಂದ. 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿಯ ಕವಚ ತೊಟ್ಟ ಸೈನಿಕರ ಶಿರಸ್ತ್ರಾಣಗಳನ್ನು ಇಂಗ್ಲೆಂಡಿನ ಆಂಡ್ರ್ಯೂ ಏನ್ಸ್‌ವರ್ತ್ ಇದೇ ವಿಧಾನದಿಂದ ತಯಾರಿಸಿದ್ದರು. ದಶಕಗಳ ಬಳಿಕ ಅವರು ಪ್ರತಿಕೃತಿಗಳನ್ನು ಮಾರತೊಡಗಿದಾಗ, ಆ ಚಿತ್ರವನ್ನು ನಿರ್ಮಿಸಿದ ಲ್ಯೂಕಾಸ್‌ಫಿಲ್ಮ್ ಸಂಸ್ಥೆ ಕೃತಿಸ್ವಾಮ್ಯದ ದಾವೆ ಹೂಡಿತು; ಶಿರಸ್ತ್ರಾಣವು ಚಿತ್ರದಲ್ಲಿ ಬಳಕೆಯಾದ ಉಪಕರಣವೇ ಹೊರತು ಕೃತಿಸ್ವಾಮ್ಯದ ರಕ್ಷಣೆ ಪಡೆಯುವ ಶಿಲ್ಪಕೃತಿಯಲ್ಲವೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತೀರ್ಪಿತ್ತಿತು.